ಇಟಾಲಿಯನ್ ಅಡ್ಡಹೆಸರಿನ ಜಾಡು: ಅಮೆರಿಕದಲ್ಲಿ ಎಷ್ಟು ಜನಕ್ಕಿದೆ, ಯಾವ ಊರಿನಿಂದ ಬಂತು

ಇಲ್ಲಿ ಎರಡು ಪ್ರಶ್ನೆಗಳಿವೆ, ಎರಡಕ್ಕೂ ದಾರಿ ಬೇರೆ. ಒಂದು ಇಟಾಲಿಯನ್ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಅಮೆರಿಕದಲ್ಲಿ ಎಷ್ಟು ಜನಕ್ಕಿದೆ ಎಂಬುದನ್ನು ಕಂಪ್ಯೂಟರ್ ಮುಂದೆ ಕೂತರೆ ಒಂದು ಸಂಜೆಯಲ್ಲಿ ತಿಳಿಯಬಹುದು. ಅದೇ ಹೆಸರಿನ ಒಂದು ಕುಟುಂಬ ಇಟಲಿಯ ಯಾವ ಊರಿನದು ಎಂದು ಪತ್ತೆ ಹಚ್ಚಲು ತಿಂಗಳುಗಟ್ಟಲೆ ಬೇಕಾದೀತು. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಅಂಟಿಸಿದಾಗ ಎಡವಟ್ಟಾಗುತ್ತದೆ. ‘ನಮ್ಮ ಹೆಸರಿನವರು ನ್ಯೂಜೆರ್ಸಿ ತುಂಬ ಇದ್ದಾರೆ, ಎಲ್ಲರೂ ಒಂದೇ ಬಳಗ’ ಎಂಬ ತೀರ್ಮಾನ ಹುಟ್ಟುವುದು ಹೀಗೆ. ಉದಾಹರಣೆಗೆ ಎಸ್ಪೊಸಿಟೊ ಹೆಸರನ್ನು ಹಿಡಿದುಕೊಳ್ಳೋಣ. ಬೀಳಬಹುದಾದ ಗುಂಡಿಗಳೆಲ್ಲ ಇದೊಂದರಲ್ಲೇ ಸಿಗುತ್ತವೆ.

ಹೆಸರು ಯಾವ ಬಗೆಯದು

ಇಟಲಿಯ ಅಡ್ಡಹೆಸರುಗಳಲ್ಲಿ ಕೆಲವು ಅಪ್ಪನ ಹೆಸರಿನಿಂದ ಬಂದವು: ಡಿ ಜೊವಾನಿ, ಡೆ ಲುಕಾ. ಕೆಲವು ಕಸುಬಿನವು: ಫೆರಾರಿ, ಫೆರಾರೊ, ಫೆರೆರೊ ಮೂರರ ಹಿಂದೆಯೂ ಕಮ್ಮಾರನೇ ಇದ್ದಾನೆ. ಕೂದಲು, ಮೈಬಣ್ಣ ನೋಡಿ ಇಟ್ಟವು ರೊಸ್ಸಿ, ರುಸ್ಸೊ, ಎರಡೂ ಕೆಂಪು. ನಾಡು, ಊರಿನಿಂದ ಬಂದವು ಕಲಬ್ರೇಸೆ, ಮೆಸ್ಸಿನಾ, ಗ್ರೆಕೊ. ಕೊನೆಯ ಬಗೆ, ಯಾರೋ ಬಿಟ್ಟುಹೋದ ಕೂಸುಗಳಿಗೆ ಅನಾಥಾಲಯ ಕೊಟ್ಟ ಹೆಸರುಗಳು. ನೇಪಲ್ಸ್‌ನಲ್ಲಿ ಎಸ್ಪೊಸಿಟೊ, ರೋಮ್ ಕಡೆ ಪ್ರೊಯೆಟ್ಟಿ, ಫ್ಲಾರೆನ್ಸ್‌ನಲ್ಲಿ ಇನೊಚೆಂಟಿ, ಮಿಲಾನ್‌ನಲ್ಲಿ ಕೊಲೊಂಬೊ, ಸಿಸಿಲಿಯಲ್ಲಿ ಟ್ರೊವಾಟೊ.

ಹೆಸರಿನ ಕೊನೆಯ ಸ್ವರವನ್ನೂ ಗಮನಿಸಿ. ಉತ್ತರ ಮತ್ತು ಮಧ್ಯ ಇಟಲಿಯಲ್ಲಿ ‘ಇ’ಕಾರ ಹೆಚ್ಚು, ದಕ್ಷಿಣದಲ್ಲಿ ‘ಒ’ಕಾರ. ಫೆರಾರಿ ಎಮಿಲಿಯಾ, ಲೊಂಬಾರ್ಡಿ ಕಡೆಯದು, ಫೆರೆರೊ ಪೀಡ್‌ಮಾಂಟ್‌ನದು, ಫೆರಾರೊ ದಕ್ಷಿಣದ್ದು. ಇಟಲಿಯಲ್ಲಿ ರೊಸ್ಸಿ ಮುಂದು, ಅಮೆರಿಕದಲ್ಲಿ ರುಸ್ಸೊ ಮುಂದು. 1880ರಿಂದ 1924ರವರೆಗೆ ಹಡಗು ಹತ್ತಿ ಬಂದ ಸುಮಾರು 40 ಲಕ್ಷ ಇಟಾಲಿಯನ್ನರಲ್ಲಿ ಬಹುಪಾಲು ದಕ್ಷಿಣದವರಾಗಿದ್ದೇ ಇದಕ್ಕೆ ಕಾರಣ. ಆದರೆ ಸ್ವರ ಬರೀ ಸುಳಿವು, ಪುರಾವೆಯಲ್ಲ.

ಎಸ್ಪೊಸಿಟೊ ಎಂದರೆ ‘ಹೊರಗೆ ಇಟ್ಟದ್ದು’. ನೇಪಲ್ಸ್‌ನ ಅನುನ್‌ಝಿಯಾತಾ ಆಸ್ಪತ್ರೆಯ ಗೋಡೆಯಲ್ಲಿ ತಿರುಗುವ ಮರದ ಪೆಟ್ಟಿಗೆಯೊಂದಿತ್ತು, ಅದನ್ನು ‘ಚಕ್ರ’ ಎನ್ನುತ್ತಿದ್ದರು. ಬೀದಿಯ ಕಡೆಯಿಂದ ಕೂಸನ್ನು ಅದರಲ್ಲಿ ಮಲಗಿಸಿ ತಿರುಗಿಸಿದರೆ ಒಳಗಿದ್ದವರು ಎತ್ತಿಕೊಳ್ಳುತ್ತಿದ್ದರು, ಇಟ್ಟವರ ಮುಖ ಯಾರೂ ನೋಡುತ್ತಿರಲಿಲ್ಲ. ಕೂಸಿನ ಕೊರಳಿಗೆ ಸೀಸದ ಮುದ್ರೆ ಕಟ್ಟುತ್ತಿದ್ದರು. ಆ ಚಕ್ರ ಮುಚ್ಚಿದ್ದು 1875ರಲ್ಲಿ. ಹಾಗೆಂದು 1875ರವರೆಗೆ ಎಲ್ಲ ಕೂಸುಗಳಿಗೂ ಇದೇ ಹೆಸರು ಬಿತ್ತೆಂದುಕೊಳ್ಳಬೇಡಿ. 1808ರಿಂದ 1815ರವರೆಗೆ ನೇಪಲ್ಸ್ ಆಳಿದ ಜೋಕಿಂ ಮುರಾನ ಕಾಲದಲ್ಲೇ ಈ ಹೆಸರಿಡುವುದಕ್ಕೆ ತಡೆ ಬಿತ್ತು, ಆಮೇಲೆ ಒಂದೊಂದು ಕೂಸಿಗೆ ಒಂದೊಂದು ಹೊಸ ಹೆಸರು ಕಟ್ಟಿ ಕೊಡತೊಡಗಿದರು. ಆದ್ದರಿಂದ 1890ರಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಎಸ್ಪೊಸಿಟೊ ತಾನೇ ಅನಾಥನಾಗಿದ್ದ ಸಾಧ್ಯತೆ ತೀರಾ ಕಡಿಮೆ. ಚಕ್ರದಲ್ಲಿ ಬಂದ ಪೂರ್ವಜ ಕೆಲವು ತಲೆಮಾರು ಹಿಂದಿರುತ್ತಾನೆ. ಒಂದೊಂದು ಕೂಸೂ ಒಂದೊಂದು ಹೊಸ ವಂಶದ ಬುಡವಾದ್ದರಿಂದ ಅಕ್ಕಪಕ್ಕದ ಮನೆಯ ಇಬ್ಬರು ಎಸ್ಪೊಸಿಟೊಗಳ ನಡುವೆ ರಕ್ತಸಂಬಂಧ ಇಲ್ಲದಿರುವುದೇ ಹೆಚ್ಚು.

ಎಷ್ಟು ಜನಕ್ಕಿದೆ: ಎಣಿಕೆ

ಅಮೆರಿಕದ ಸೆನ್ಸಸ್ ಬ್ಯೂರೋ 2000 ಮತ್ತು 2010ರ ಜನಗಣತಿಯ ಅಡ್ಡಹೆಸರುಗಳ ಪಟ್ಟಿಯನ್ನು ಉಚಿತವಾಗಿ ಕೊಡುತ್ತದೆ. ಡೌನ್‌ಲೋಡ್ ಮಾಡಿ ಎಕ್ಸೆಲ್‌ನಲ್ಲಿ ತೆರೆಯಿರಿ. 2010ರ ಪಟ್ಟಿಯಲ್ಲಿ ಕನಿಷ್ಠ 100 ಜನಕ್ಕಿರುವ 1,62,253 ಹೆಸರುಗಳಿವೆ. ಒಂದೊಂದರ ಮುಂದೆಯೂ ಸ್ಥಾನ, ಒಟ್ಟು ಜನ, ಪ್ರತಿ ಲಕ್ಷಕ್ಕೆ ಎಷ್ಟು, ಜನಾಂಗವಾರು ಶೇಕಡ ಇರುತ್ತವೆ. 1990ರದೂ ಒಂದು ಪಟ್ಟಿ ಇದೆ, ಆದರೆ ಅದು ಸ್ಯಾಂಪಲ್ ಲೆಕ್ಕ. ಅದನ್ನು ಉಳಿದೆರಡರ ಜೊತೆ ಹೋಲಿಸಬೇಡಿ.

ಹುಡುಕುವಾಗ ಜಾಗ, ಚುಕ್ಕೆ, ಅಪಾಸ್ಟ್ರಫಿ ಎಲ್ಲ ಕಿತ್ತು ಒಟ್ಟಿಗೆ ಬರೆಯಿರಿ, ಏಕೆಂದರೆ ಪಟ್ಟಿಯಲ್ಲಿ ಎಲ್ಲವೂ ದೊಡ್ಡಕ್ಷರದಲ್ಲಿ ಅಂಟಿಕೊಂಡೇ ಇವೆ. ಡಿ’ಏಂಜೆಲೊ, ಡೆ ರೋಸಾ, ಲೊ ಪ್ರೆಸ್ಟಿ ಎಂದು ಬಿಡಿಸಿ ಹುಡುಕಿದವರಿಗೆ ಏನೂ ಸಿಗುವುದಿಲ್ಲ, ‘ಪಟ್ಟಿಯಲ್ಲೇ ಇಲ್ಲ’ ಎಂದು ಕೈಬಿಡುತ್ತಾರೆ. ಎಸ್ಪೊಸಿಟೊ ಜೊತೆಗೆ ಸ್ಪೊಸಿಟೊ, ಎಕ್ಸ್‌ಪೊಸಿಟೊ, ಡೆಸ್ಪೊಸಿಟೊ, ಎಸ್ಪೊಸ್ಟಿ ಇವನ್ನೂ ಒಂದೊಂದಾಗಿ ನೋಡಿ, ಬೇರೆ ಬೇರೆ ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಕೂಡಿಸಲು ಅವಸರ ಬೇಡ.

ಎರಡು ಜನಗಣತಿಗಳ ನಡುವೆ ಹೆಸರು ಬೆಳೆಯಿತೇ, ಕುಗ್ಗಿತೇ ಎಂದು ತಿಳಿಯಲು ಒಟ್ಟು ಸಂಖ್ಯೆ ಸಾಲದು, ಲಕ್ಷಕ್ಕೆಷ್ಟು ಎಂಬ ಕಾಲಂ ನೋಡಿ. ಸ್ಮಿತ್ ಹೆಸರಿನವರು 2000ದಲ್ಲಿ 23,76,206, 2010ರಲ್ಲಿ 24,42,977. ಹೆಚ್ಚಾಯಿತು ಅನಿಸುತ್ತದೆ. ಆದರೆ ಲಕ್ಷಕ್ಕೆ 880.85 ಇದ್ದದ್ದು 828.19ಕ್ಕೆ ಇಳಿದಿದೆ. ನಿಮ್ಮ ಹೆಸರಿಗೂ ಇದೇ ಲೆಕ್ಕ ಹಾಕಿ. ಪಟ್ಟಿಯ ಕೆಲವು ಚೌಕಗಳಲ್ಲಿ ಅಂಕಿಯ ಬದಲು ‘ಎಸ್’ ಅಕ್ಷರ ಕಾಣುತ್ತದೆ. ಸಂಖ್ಯೆ ತೀರಾ ಚಿಕ್ಕದಾದಾಗ ಗೋಪ್ಯತೆಗಾಗಿ ಹಾಗೆ ಮುಚ್ಚುತ್ತಾರೆ. ಅದನ್ನು ಸೊನ್ನೆ ಎಂದು ತಿದ್ದಿದರೆ ಶೇಕಡದ ಲೆಕ್ಕವೆಲ್ಲ ಹಾಳು, ಖಾಲಿ ಬಿಡಿ.

ಪಟ್ಟಿಯ ಕಟ್ಟಕಡೆಯಲ್ಲಿ ‘ಉಳಿದೆಲ್ಲ ಹೆಸರುಗಳು’ ಎಂಬ ಒಂದು ಸಾಲಿದೆ, ಅದರಲ್ಲಿ 2,93,12,001 ಜನ. ಅಂದರೆ ಎಣಿಕೆಗೆ ಸಿಕ್ಕ ಸುಮಾರು 29.5 ಕೋಟಿಯಲ್ಲಿ ಹತ್ತಕ್ಕೆ ಒಬ್ಬರು 100ಕ್ಕಿಂತ ಕಡಿಮೆ ಜನಕ್ಕಿರುವ ಹೆಸರಿನವರು. ಇಟಲಿಯ ಹಳ್ಳಿಗಾಡಿನ ಅಪರೂಪದ ಹೆಸರುಗಳು ಬಹಳಷ್ಟು ಈ ಸಾಲಿನೊಳಗೆ ಅಡಗಿವೆ. ಹೆಸರು ಪಟ್ಟಿಯಲ್ಲಿಲ್ಲ ಎಂದರೆ ಅಮೆರಿಕದಲ್ಲೇ ಇಲ್ಲ ಎಂದಲ್ಲ.

ಇನ್ನೊಂದು ಎಚ್ಚರ, ಬರವಣಿಗೆ ಒಂದೇ ಆದ ಮಾತ್ರಕ್ಕೆ ಎಲ್ಲರೂ ಇಟಾಲಿಯನ್ನರಾಗುವುದಿಲ್ಲ. ಕೋಸ್ಟಾ ಇಟಲಿಯದೂ ಹೌದು, ಪೋರ್ಚುಗಲ್, ಬ್ರೆಜಿಲ್‌ನದೂ ಹೌದು, ಗೋವಾ ಮತ್ತು ನಮ್ಮ ಮಂಗಳೂರಿನ ಕ್ರೈಸ್ತರ ಮನೆತನಗಳದೂ ಹೌದು. ಏಷ್ಯನ್ ಮತ್ತು ಹಿಸ್ಪ್ಯಾನಿಕ್ ಶೇಕಡ ಏರಿದ್ದರೆ ಈ ಬೆರಕೆ ಇದೆ ಎಂದು ತಿಳಿಯಿರಿ. ಮರಿನೊ, ಫ್ರಾಂಕೊ ಹೆಸರುಗಳಿಗೂ ಇದೇ ಕಥೆ. ಇದಕ್ಕೆ ತಿರುವುಮುರುವಾಗಿ, ಬಿಯಾಂಕಿ ವೈಟ್ ಆಗಿರುತ್ತಾನೆ, ರುಸ್ಸೊ ರಸೆಲ್ ಆಗಿರುತ್ತಾನೆ. ಇವರು ಎಣಿಕೆಗೆ ಸಿಗುವುದೇ ಇಲ್ಲ. ಮದುವೆಯಾಗಿ ಹೆಸರು ಬದಲಿಸಿದ ಹೆಂಗಸರನ್ನೂ ಸೇರಿಸಿದರೆ ಈ ಅಂಕಿ ಹೆಸರಿನ ಲೆಕ್ಕವೇ ಹೊರತು ವಂಶದ ಲೆಕ್ಕವಲ್ಲ.

ಈ ಪಟ್ಟಿ ಇಡೀ ದೇಶದ್ದು, ರಾಜ್ಯವಾರು ಇಲ್ಲ. ರಾಜ್ಯವಾರು ಬೇಕಾದರೆ 2022ರ ಏಪ್ರಿಲ್ 1ರಂದು ತೆರೆದ 1950ರ ಜನಗಣತಿಯ ಹೆಸರುಸೂಚಿಯನ್ನು ಫ್ಯಾಮಿಲಿಸರ್ಚ್ ತಾಣದಲ್ಲಿ ಬಳಸಿ. ಅಲ್ಲಿ ಖಾತೆ ಉಚಿತ. ಬಂದ ಸಂಖ್ಯೆಯನ್ನು ರಾಜ್ಯದ ಜನಸಂಖ್ಯೆಯಿಂದ ಭಾಗಿಸದೆ ಹೋಲಿಸಬಾರದು. 1950ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ 1,48,30,192 ಜನ, ಕನೆಕ್ಟಿಕಟ್‌ನಲ್ಲಿ 20,07,280. ಎರಡೂ ಕಡೆ ತಲಾ 1000 ಹೆಸರು ಸಿಕ್ಕಿತು ಎಂದಿಟ್ಟುಕೊಳ್ಳಿ. ನ್ಯೂಯಾರ್ಕಿನಲ್ಲಿ ಲಕ್ಷಕ್ಕೆ 6.7, ಕನೆಕ್ಟಿಕಟ್‌ನಲ್ಲಿ 49.8. ಹೆಸರು ದಟ್ಟವಾಗಿರುವ ಜಾಗ ಎರಡನೆಯದು.

ಅಮೆರಿಕದ ಕಾಗದದಲ್ಲಿ ಊರು ಹುಡುಕುವುದು

ಇಟಲಿಯ ದಾಖಲೆಗಳೆಲ್ಲ ಕೊಮೂನೆವಾರು ಇವೆ. ಕೊಮೂನೆ ಎಂದರೆ ಅಲ್ಲಿನ ಪುರಸಭೆ ಅಥವಾ ಪಂಚಾಯಿತಿ. ಅದರ ಹೆಸರು ಸಿಗದೆ ಇಟಲಿಯ ಕಡೆ ಹುಡುಕಲು ಹೊರಡುವುದು ವ್ಯರ್ಥ.

ಜನಗಣತಿಯಿಂದ ಹಿಂದಕ್ಕೆ ಹೋಗಿ: 1950, 1940, 1930, 1920, 1910, 1900. ಇವುಗಳಲ್ಲಿ ಹುಟ್ಟೂರು ಬರೀ ‘ಇಟಲಿ’ ಎಂದಿರುತ್ತದೆ, ಬೇಸರ ಬೇಡ. ಇಲ್ಲಿ ಬೇಕಾದದ್ದು ವಲಸೆ ಬಂದ ವರ್ಷ ಮತ್ತು ಪೌರತ್ವದ ಸ್ಥಿತಿ. 1900ರಿಂದ 1930ರವರೆಗಿನ ಗಣತಿಗಳಲ್ಲಿ ಈ ಕಾಲಂಗಳಿವೆ. ‘ಎನ್‌ಎ’ ಎಂದರೆ ಪೌರತ್ವ ಸಿಕ್ಕಿದೆ, ‘ಪಿಎ’ ಎಂದರೆ ಮೊದಲ ಅರ್ಜಿ ಹಾಕಿದ್ದಾನೆ, ‘ಎಎಲ್’ ಎಂದರೆ ಇನ್ನೂ ಪರದೇಶಿ. 1920ರಲ್ಲಿ ಪೌರತ್ವ ಸಿಕ್ಕ ವರ್ಷವನ್ನೂ ಕೇಳಿದ್ದಾರೆ. 1890ರ ಗಣತಿ ಬಹುಪಾಲು ಬೆಂಕಿಗೆ ಆಹುತಿಯಾಗಿದೆ, ಹುಡುಕಬೇಡಿ.

ಊರಿನ ಹೆಸರು ಸಿಗುವ ಕಾಗದಗಳು ಬೇರೆ. ಮೊದಲ ಮಹಾಯುದ್ಧದ ಸೈನ್ಯ ನೋಂದಣಿ ಕಾರ್ಡ್ ಮೂರು ಸುತ್ತಿನಲ್ಲಿ ಆಯಿತು. 1917ರ ಜೂನ್ 5ರ ಕಾರ್ಡಿನಲ್ಲಿ ಹುಟ್ಟಿದ ಊರಿದೆ. 1918ರ ಸೆಪ್ಟೆಂಬರ್ 12ರ ಕಾರ್ಡಿನಲ್ಲಿ ಇಲ್ಲ. ಆ ಸುತ್ತಿನಲ್ಲಿ ಸಿಕ್ಕವನಿಗೆ 1942ರ ಏಪ್ರಿಲ್‌ನಲ್ಲಿ ವಯಸ್ಸಾದವರಿಗಾಗಿ ನಡೆದ ನೋಂದಣಿ ನೋಡಿ, ಅದರಲ್ಲಿ ಹುಟ್ಟೂರು ಇದೆ. 1936ರ ನಂತರದ ಸೋಶಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ ಯೋಜನೆ) ಅರ್ಜಿಯಲ್ಲಿ ತಾಯಿಯ ತವರು ಹೆಸರು ಸಮೇತ ಸಿಗುತ್ತದೆ. ಪೌರತ್ವದ ಅರ್ಜಿಯಾದರೆ 1906ರ ಸೆಪ್ಟೆಂಬರ್ ನಂತರದ್ದೇ ಒಳ್ಳೆಯದು. ಅದಕ್ಕೂ ಮುಂಚೆ ಊರೂರಿನ ಕೋರ್ಟುಗಳು ತಮಗೆ ತೋಚಿದಂತೆ ಬರೆದುಕೊಳ್ಳುತ್ತಿದ್ದವು, ಹುಟ್ಟೂರು ಇರುವುದೇ ಅಪರೂಪ. 1922ಕ್ಕೆ ಮೊದಲು ವಿದೇಶದಲ್ಲಿ ಹುಟ್ಟಿದ ಹೆಂಡತಿಗೆ ಗಂಡನ ಮೂಲಕವೇ ಪೌರತ್ವ ಬರುತ್ತಿದ್ದರಿಂದ ಅವಳ ಹೆಸರಿನ ಅರ್ಜಿ ಸಾಮಾನ್ಯವಾಗಿ ಇರುವುದಿಲ್ಲ.

ಆಮೇಲೆ ಹಡಗಿನ ಪ್ರಯಾಣಿಕರ ಪಟ್ಟಿ. ವಲಸಿಗರನ್ನು ತಪಾಸಣೆ ಮಾಡುತ್ತಿದ್ದದ್ದು ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪದಲ್ಲಿ. ‘ಎಲಿಸ್ ದ್ವೀಪದ ಗುಮಾಸ್ತ ಹೆಸರು ಬದಲಿಸಿಬಿಟ್ಟ’ ಎಂಬ ಮಾತನ್ನು ನಂಬಬೇಡಿ. ಪಟ್ಟಿ ಬರೆದವರು ಹಡಗು ಹೊರಟ ಬಂದರಿನಲ್ಲಿದ್ದ ಕಂಪನಿಯವರು. ದ್ವೀಪದ ಅಧಿಕಾರಿಗಳು ಅದನ್ನು ನೋಡಿ ಟಿಕ್ ಹಾಕುತ್ತಿದ್ದರು, ಅಷ್ಟೇ. ಹೆಸರು ಬದಲಾಗಿದ್ದು ಆಮೇಲೆ, ಶಾಲೆಯಲ್ಲಿ, ಕೆಲಸದ ಜಾಗದಲ್ಲಿ, ಕೋರ್ಟಿನಲ್ಲಿ. ಹೀಗಾಗಿ ಪಟ್ಟಿಯಲ್ಲಿ ಇಟಾಲಿಯನ್ ಬರವಣಿಗೆಯನ್ನೇ ಹುಡುಕಿ. ಜೋ ಅಲ್ಲ, ಜುಸೆಪ್ಪೆ. ಹೆಂಗಸರು ಸಿಗದಿರುವುದಕ್ಕೆ ಮುಖ್ಯ ಕಾರಣವೂ ಇಲ್ಲೇ ಇದೆ: ಇಟಲಿಯ ಹೆಂಗಸು ಮದುವೆಯಾದರೂ ಕಾಗದಪತ್ರದಲ್ಲಿ ತವರಿನ ಹೆಸರನ್ನೇ ಉಳಿಸಿಕೊಳ್ಳುತ್ತಾಳೆ. ಮಕ್ಕಳಿಗೆ ಅಪ್ಪನ ಹೆಸರು, ಅವರ ಮೇಲಿನ ಸಾಲಿನಲ್ಲಿ ಬೇರೆ ಹೆಸರಿನ ಹೆಂಗಸು ಇದ್ದರೆ ಅವಳು ತಾಯಿಯೇ ಇರಬಹುದು.

1907ರ ನಂತರದ ಪಟ್ಟಿಗಳು ಎರಡು ಪುಟದವು. ಎಡಪುಟ ಮಾತ್ರ ನೋಡಿ ಮುಚ್ಚಬೇಡಿ, ಹುಟ್ಟಿದ ಊರು ಬಲಪುಟದ ಕೊನೆಯಲ್ಲಿರುತ್ತದೆ. ಕಸುಬಿನ ಕಾಲಂ ಮೇಲೆ ಆಮೇಲೆ ಯಾರೋ ಗೀಚಿದ ಅಂಕಿಗಳಿದ್ದರೆ ಅದು ಪೌರತ್ವದ ಅರ್ಜಿಗಾಗಿ ಪಟ್ಟಿಯನ್ನು ತೆಗೆದು ತಾಳೆ ನೋಡಿದ ಗುರುತು. ಅರ್ಜಿ ಇದೆ ಎಂದು ಖಚಿತವಾಯಿತು.

ಸೂಚಿಯಲ್ಲಿ ಸಿಗದಿದ್ದರೆ ಹೆಸರಿನ ಮೊದಲ ಮತ್ತು ಕೊನೆಯ ಅಕ್ಷರದ ಜಾಗಕ್ಕೆ ನಕ್ಷತ್ರ ಚಿಹ್ನೆ (*) ಇಟ್ಟು ನಡುವಿನ ‘ಸ್ಪೊಸಿಟ್’ ಭಾಗವನ್ನಷ್ಟೇ ಹಾಕಿ. ಉಚ್ಚಾರ ಹೋಲುವ ಹೆಸರುಗಳಿಗೆ ಒಂದೇ ಸಂಕೇತ ಕೊಡುವ ಹಳೆಯ ಸೌಂಡೆಕ್ಸ್ ಸೂಚಿಗಳಲ್ಲಿ ಎಸ್ಪೊಸಿಟೊ ಮತ್ತು ಎಕ್ಸ್‌ಪೊಸಿಟೊ ಎರಡಕ್ಕೂ ಇ-212 ಸಂಕೇತ. ಆದರೆ ಮೊದಲ ಸ್ವರ ಬಿದ್ದುಹೋದ ಸ್ಪೊಸಿಟೊ ಎಸ್-123ರಲ್ಲಿ, ಡೆಸ್ಪೊಸಿಟೊ ಡಿ-212ರಲ್ಲಿ ಇರುತ್ತವೆ. ಒಂದೇ ಕಡೆ ಹುಡುಕಿದರೆ ಹಲವರು ತಪ್ಪಿಹೋಗುತ್ತಾರೆ.

ಊರು ‘ನೇಪಲ್ಸ್’ ಎಂದು ಸಿಕ್ಕರೆ ಖುಷಿಪಡಬೇಡಿ. ಅದು ನಗರವಿರಬಹುದು, ಪ್ರಾಂತವಿರಬಹುದು, ಬರೀ ಹಡಗು ಹತ್ತಿದ ಬಂದರೂ ಇರಬಹುದು. ಇನ್ನೊಂದು ಕಾಗದ ಬೇಕೇ ಬೇಕು. ‘ಕಸೆರ್ತಾ’ ಎಂದಿದ್ದರೂ ತೊಡಕೇ. ತೆರ್ರಾ ದಿ ಲಾವೊರೊ ಎಂದೂ ಕರೆಯುತ್ತಿದ್ದ ಆ ಹಳೆಯ ಪ್ರಾಂತವನ್ನು 1927ರಲ್ಲಿ ರದ್ದು ಮಾಡಿ ಊರುಗಳನ್ನು ಸುತ್ತಲಿನ ಪ್ರಾಂತಗಳಿಗೆ ಹಂಚಿದರು. ಸಿಸಿಲಿಯ ಜಿರ್ಜೆಂಟಿ ಅದೇ ವರ್ಷ ಅಗ್ರಿಜೆಂಟೊ ಆಯಿತು.

ಇಟಲಿಯ ಕಡೆ

ಹೆಸರು ಇಂದು ಇಟಲಿಯಲ್ಲಿ ಎಲ್ಲೆಲ್ಲಿದೆ ಎಂದು ತೋರಿಸುವ ನಕ್ಷೆಗಳು ಕಾಗ್ನೋಮಿಕ್ಸ್‌ನಂಥ ತಾಣಗಳಲ್ಲಿವೆ. ಅಪರೂಪದ ಹೆಸರಿಗೆ ಇವು ವರದಾನ, ಎರಡೋ ಮೂರೋ ಊರಿಗೆ ಹುಡುಕಾಟ ಇಳಿಯುತ್ತದೆ. ಎಸ್ಪೊಸಿಟೊಗೆ ಪ್ರಯೋಜನವಿಲ್ಲ. ನೇಪಲ್ಸ್ ಇರುವ ಕಂಪಾನಿಯಾ ಪ್ರದೇಶವೇ ತುಂಬಿಹೋಗಿರುತ್ತದೆ.

ಊರು ಗೊತ್ತಾದ ಮೇಲೆ ಅಂತೆನಾತಿ ತಾಣಕ್ಕೆ ಹೋಗಿ. ಇಟಲಿಯ ಸರ್ಕಾರಿ ದಾಖಲೆಗಾರಗಳು ಅಲ್ಲಿ ಜನನ, ಮದುವೆ, ಮರಣದ ಪುಸ್ತಕಗಳ ಚಿತ್ರಗಳನ್ನು ಉಚಿತವಾಗಿ ಇಟ್ಟಿವೆ. ನೇಪಲ್ಸ್ ರಾಜ್ಯದ ಊರುಗಳಲ್ಲಿ 1809ರಿಂದ, ಸಿಸಿಲಿಯಲ್ಲಿ 1820ರಿಂದ, ಉತ್ತರದ ಹಲವೆಡೆ 1866ರಿಂದ ಪುಸ್ತಕಗಳು ಶುರು. ಬಹುಪಾಲಿಗೆ ಕಂಪ್ಯೂಟರ್ ಹುಡುಕಾಟ ಇಲ್ಲ, ಪುಟ ತಿರುಗಿಸಬೇಕು. ವರ್ಷದ ಪುಸ್ತಕದ ಕೊನೆಯಲ್ಲಿ ಹೆಸರುಸೂಚಿ ಇರುತ್ತದೆ. ಕೆಲವು ಊರಿನಲ್ಲಿ ಅದನ್ನು ಅಡ್ಡಹೆಸರಿನ ಬದಲು ಮೊದಲ ಹೆಸರಿನ ಅಕ್ಷರಕ್ರಮದಲ್ಲಿ ಬರೆದಿದ್ದಾರೆ. ಸೂಚಿಯಲ್ಲಿ ಎಸ್ಪೊಸಿಟೊ ಇಲ್ಲವೆಂದು ಬಿಡುವ ಮುನ್ನ ಕ್ರಮ ಯಾವುದು ಎಂದು ನೋಡಿ.

ಮದುವೆಯ ದಾಖಲೆಯ ಜೊತೆಗಿರುವ ‘ಪ್ರೊಚೆಸ್ಸೆತ್ತಿ’ ಕಡತವನ್ನು ಬಿಡಲೇಬೇಡಿ. 1865ರವರೆಗಿನ ದಕ್ಷಿಣದ ಊರುಗಳಲ್ಲಿ ಇದೇ ನಿಧಿ. ವಧೂವರರ ಜನನ ಅಥವಾ ದೀಕ್ಷಾಸ್ನಾನದ ನಕಲು, ಅಪ್ಪ ಅಮ್ಮ ತೀರಿದ್ದರೆ ಅವರ ಮರಣದ ನಕಲು, ಅಪ್ಪ ಇಲ್ಲದಿದ್ದರೆ ಅಜ್ಜನದೂ, ಎಲ್ಲ ಒಂದೇ ಕಟ್ಟಿನಲ್ಲಿ ಸಿಗುತ್ತವೆ. 1820ರ ಒಂದು ಮದುವೆಯ ಕಡತದಿಂದ 1700ರ ದಶಕಗಳಿಗೆ ಇಳಿಯಬಹುದು. ಎಸ್ಪೊಸಿಟೊ ವಂಶದಲ್ಲಿ ಚಕ್ರದಿಂದ ಬಂದ ಪೂರ್ವಜನ ಸುಳಿವು ಸಾಮಾನ್ಯವಾಗಿ ಇಲ್ಲೇ ಸಿಗುವುದು. ಜನನದ ನಕಲಿನಲ್ಲಿ ‘ಜೆನಿತೊರಿ ಇನ್ಯೊತಿ’, ಅಂದರೆ ತಂದೆತಾಯಿ ಗೊತ್ತಿಲ್ಲ, ಎಂಬ ಮಾತೋ ‘ಪ್ರೊಯೆಟ್ಟೊ’ ಎಂಬ ಪದವೋ ಕಂಡರೆ ಅವನೇ. ಹಳ್ಳಿಯ ದಾಖಲೆಯಾದರೆ ಕೂಸನ್ನು ತಂದು ತೋರಿಸಿದವಳು ‘ರಿಚೆವಿತ್ರಿಚೆ’, ಅಂದರೆ ಅನಾಥ ಕೂಸುಗಳನ್ನು ಸ್ವೀಕರಿಸಲು ನೇಮಿಸಿದ ಹೆಂಗಸು, ಎಂದಿರುತ್ತದೆ. ಅದರ ಹಿಂದಕ್ಕೆ ರಕ್ತದ ಜಾಡು ಕಾಗದದಲ್ಲಿ ಸಿಗುವುದಿಲ್ಲ. ಕೂಸು ಬಂದ ಗಂಟೆ, ಮೈಮೇಲಿದ್ದ ಬಟ್ಟೆ, ಜೊತೆಗಿಟ್ಟ ಗುರುತಿನ ವಸ್ತು ಇದ್ದರೆ ಅನಾಥಾಲಯದ ಪುಸ್ತಕದಲ್ಲಿರುತ್ತವೆ.

ಆನ್‌ಲೈನ್‌ನಲ್ಲಿ ಇಲ್ಲದ ವರ್ಷಗಳಿಗೆ ಕೊಮೂನೆಯ ‘ಸ್ತಾತೊ ಚಿವಿಲೆ’, ಅಂದರೆ ಜನನ, ಮದುವೆ, ಮರಣ ನೋಂದಣಿ ಕಚೇರಿಗೆ ಇಟಾಲಿಯನ್ ಭಾಷೆಯಲ್ಲೇ ಬರೆಯಿರಿ. ಒಂದು ಪತ್ರದಲ್ಲಿ ಒಬ್ಬರದೇ ವಿಚಾರ. ಪೂರ್ಣ ಹೆಸರು, ಹುಟ್ಟಿದ ತಾರೀಕು ಅಥವಾ ಎರಡು ಮೂರು ವರ್ಷದ ಅಂದಾಜು, ತಂದೆಯ ಹೆಸರು, ತಾಯಿಯ ತವರು ಹೆಸರು, ಇಷ್ಟು ಸಾಕು. ‘ಎಸ್ತ್ರಾತ್ತೊ’ (ಸಾರಾಂಶ) ಬದಲು ‘ಕೊಪಿಯಾ ಇಂತೆಗ್ರಾಲೆ’ (ಪೂರ್ಣ ನಕಲು) ಕೇಳಿ. ಅಂಚಿನಲ್ಲಿ ಬರೆದ ಮದುವೆಯ ಟಿಪ್ಪಣಿ ಪೂರ್ಣ ನಕಲಿನಲ್ಲಿ ಮಾತ್ರ ಖಂಡಿತ ಬರುತ್ತದೆ. ಎಸ್ಪೊಸಿಟೊದಂಥ ಹೆಸರಿಗೆ ಒಂದೇ ಊರಿನಲ್ಲಿ ಒಂದೇ ವರ್ಷ ಇಬ್ಬರು ಜುಸೆಪ್ಪೆ ಸಿಕ್ಕರೆ ಆ ಟಿಪ್ಪಣಿಯಲ್ಲಿರುವ ಹೆಂಡತಿಯ ಹೆಸರು ನೋಡಿಯೇ ನಿಮ್ಮವನು ಯಾರೆಂದು ಆರಿಸಬೇಕು.