ಟೇಪು ತೋರಿಸಿದ್ದನ್ನೇ ಓದಿದ್ದು

ನರೇಗಾ ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯಲ್ಲಿ ಗ್ರಾಮ ಸಂಪನ್ಮೂಲ ವ್ಯಕ್ತಿಯಾಗಿ ದುಡಿದ ವರ್ಷಗಳಲ್ಲಿ ನನಗಿದ್ದ ಬಲವೆಂದರೆ ಒಂದು ಅಳತೆ ಟೇಪು, ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ಪ್ರತಿಗಳು ಮತ್ತು 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಸೆಕ್ಷನ್. ಆ ಸೆಕ್ಷನ್ ಪ್ರಕಾರ ಪರಿಶೋಧನೆ ನಡೆಸುತ್ತಿದ್ದುದು ಗ್ರಾಮಸಭೆ. ನಾವು ದಾಖಲೆಯನ್ನು ನೆಲದೊಂದಿಗೆ ತಾಳೆ ಹಾಕಿ, ಕಂಡದ್ದನ್ನು ಸಭೆಯ ಮುಂದೆ ಓದುತ್ತಿದ್ದವರು.

ಒಂದು ಪಂಚಾಯಿತಿಯಲ್ಲಿ, ಅಳತೆ ಪುಸ್ತಕದಲ್ಲಿ 3 ಮೀಟರ್ ಆಳವೆಂದು ಬರೆದಿದ್ದ ಕೃಷಿ ಹೊಂಡಕ್ಕೆ ಇಳಿದೆವು. ಹೂಳು ತುಂಬಿದೆ ಎಂಬ ಉತ್ತರ ಬಂದೇ ಬರುತ್ತದೆಂದು ಗೊತ್ತಿದ್ದರಿಂದ, ಐದು ಕಡೆ ಹಾರೆ ಚುಚ್ಚಿ, ಗಟ್ಟಿ ನೆಲ ತಾಗುವವರೆಗೆ ಇಳಿಸಿ, ಹೂಳನ್ನೂ ಸೇರಿಸಿಯೇ ಅಳೆದೆವು. ಎಲ್ಲಿಯೂ 1.9 ಮೀಟರ್ ದಾಟಲಿಲ್ಲ. ಜಮೀನಿನವರ ಮತ್ತು ಇಬ್ಬರು ಕೂಲಿಕಾರರ ಸಹಿಯನ್ನು ಹೊಂಡದ ದಂಡೆಯಲ್ಲೇ ಪಡೆದೆ. ಸಂಜೆಗೆಂದು ಬಿಟ್ಟ ಸಹಿ ಬೆಳಿಗ್ಗೆ ಸಿಗುವುದಿಲ್ಲ.

ಅಂದು ರಾತ್ರಿ ನಾವು ತಂಗಿದ್ದ ಶಾಲೆಗೆ ಪ್ರಭಾವಿ ಸದಸ್ಯರೊಬ್ಬರು ಬಂದರು. ಗದರಲಿಲ್ಲ. "ಅಕ್ಕಾ, ನಾಳೆ ನಿಮಗೂ ನಮ್ಮಿಂದ ಕೆಲಸ ಬೀಳುತ್ತದೆ. ಆಳದ ಕಾಲಂ ಒಂದು ಖಾಲಿ ಬಿಡಿ, ಸಾಕು" ಎಂದರು. ಸುಳ್ಳು ಬರೆಯಿರಿ ಎಂದು ಬಾಯಿಬಿಟ್ಟು ಕೇಳಿದವರನ್ನು ನಾನು ಕಂಡದ್ದು ಕಡಿಮೆ, ಬರೆಯದೆ ಬಿಡಿ ಎಂದವರೇ ಹೆಚ್ಚು. ವಾದಕ್ಕಿಳಿಯದೆ, "ಅಳತೆ ತಪ್ಪಿದ್ದರೆ ನಾಳೆ ಎಲ್ಲರೆದುರು ಮತ್ತೆ ಅಳೆಯೋಣ, ಟೇಪು ನೀವೇ ಹಿಡಿಯಿರಿ" ಎಂದೆ. ಅವರು ಬರಲಿಲ್ಲ.

ಹೀಗೆ ಹೇಳುವುದನ್ನು ಕಲಿಸಿದ್ದು ನನ್ನದೇ ಹಳೆಯ ತಪ್ಪು. ಬೇರೊಂದು ಊರಿನಲ್ಲಿ ನೆರೆಯವರ ಮಾತು ನಂಬಿ, ಎನ್‌ಎಂಆರ್‌ನಲ್ಲಿದ್ದ ಒಬ್ಬ ಮಹಿಳೆ ಕೆಲಸಕ್ಕೇ ಬಂದಿಲ್ಲವೆಂದು ಬರೆದಿದ್ದೆ. ಆಕೆ ಸಭೆಯಲ್ಲೇ ಎದ್ದು, ಬದು ಹಾಕುವಾಗ ತನ್ನೊಂದಿಗೆ ಮಣ್ಣು ಹೊತ್ತವರನ್ನು ಒಬ್ಬೊಬ್ಬರಾಗಿ ಹೆಸರಿಸಿದಾಗ, ಕ್ಷಮೆ ಕೇಳಿ ಆ ಸಾಲನ್ನು ಹೊಡೆದುಹಾಕಬೇಕಾಯಿತು. ಅಂದಿನಿಂದ ನನ್ನ ವರದಿಯಲ್ಲಿ "ಅವ್ಯವಹಾರ" ಎಂಬ ಪದವೇ ಇಲ್ಲ. ದಾಖಲೆಯ ಅಂಕಿ, ನೆಲದ ಅಂಕಿ, ಅಳೆಯುವಾಗ ಇದ್ದವರ ಹೆಸರು, ಇಷ್ಟೇ.

ಆ ಹೊಂಡದ ಅಳತೆಯನ್ನು ಗ್ರಾಮಸಭೆಯಲ್ಲಿ ಓದುವಾಗ ಧ್ವನಿ ನಡುಗಿತೆಂಬುದನ್ನು ಮುಚ್ಚಿಡುವುದಿಲ್ಲ. "1.1 ಮೀಟರ್ ವ್ಯತ್ಯಾಸ" ಎಂದಾಗ ಯಾರೂ ಮಿಸುಕಲಿಲ್ಲ. ಮುಂದೆ ಕುಳಿತಿದ್ದ ಅಜ್ಜಿಯೊಬ್ಬರು, "ಅಂದರೆ ಎಷ್ಟಾಯಿತಮ್ಮಾ?" ಎಂದು ಕೇಳಿದರು. ಕಾಗದ ಕೆಳಗಿಟ್ಟು, ನೆಲದಿಂದ ನನ್ನ ಎದೆಯ ಮಟ್ಟದವರೆಗೆ ಕೈ ಹಿಡಿದು ತೋರಿಸಿದೆ. ಆಗ ಎದ್ದ ಗುಜುಗುಜು, ನೋಡಲ್ ಅಧಿಕಾರಿಯವರು ವಸೂಲಾತಿಯ ಠರಾವು ಬರೆಸುವವರೆಗೂ ನಿಲ್ಲಲಿಲ್ಲ.