ದೆವ್ವದ ಮನೆಗೆ ಬಾಡಿಗೆದಾರರು ಬಂದದ್ದು: ನನ್ನ ಅನುಭವ

ದಾವಣಗೆರೆಯ ವಿನೋಬನಗರದಲ್ಲಿ ದೆವ್ವವಿದೆಯೆಂಬ ಮಾತಿಗೆ ಎರಡು ವರ್ಷದಷ್ಟು ಖಾಲಿ ಬಿದ್ದಿದ್ದ ಮನೆಯೊಂದಕ್ಕೆ ಯುಗಾದಿಯ ನಂತರ ಬಾಡಿಗೆದಾರರು ಬಂದಿದ್ದಾರೆ. ಅಲ್ಲಿ ದೆವ್ವವಿಲ್ಲವೆಂದು ನಾನು ಸಾಬೀತುಪಡಿಸಲಿಲ್ಲ. ಸಾಬೀತುಪಡಿಸಲು ಹೊರಟಷ್ಟು ದಿನವೂ ಸೋತೆ. ‘ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡರೆ ದೆವ್ವ ಓಡುತ್ತದೆಯೇ’ ಎಂದು, ದೆವ್ವ ಏನು ಮಾಡುತ್ತದೆಂದು ಮನೆಯವರಿಂದ ಮೊದಲೇ ಬರೆಸಿಕೊಳ್ಳುವ ನನ್ನ ಕ್ರಮಕ್ಕೆ ನಕ್ಕಿದ್ದ ವಿಚಾರವಾದಿ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕತ್ತಲಲ್ಲೂ ಚಿತ್ರ ಹಿಡಿಯುವ ಎರಡು ಕ್ಯಾಮೆರಾ, ಒಂದು ರೆಕಾರ್ಡರ್, ಮೀಟರು ಎಂದು ಹದಿನಾಲ್ಕು ಸಾವಿರದ ಆಸುಪಾಸು ಕೈಬಿಟ್ಟಿತು. ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಹೋಗಿ ಹನ್ನೊಂದು ರಾತ್ರಿ ಕುಳಿತೆ. ಸಿಕ್ಕದ್ದು ಹಲ್ಲಿ ಮತ್ತು ಒಂದು ಬೆಕ್ಕು. ಮನೆಯ ಯಜಮಾನರು, “ಅದು ಕ್ಯಾಮೆರಾಕ್ಕೆ ಸಿಗೋದಲ್ರೀ” ಎಂದರು. ನೆಲಕ್ಕೆ ರಾಗಿಹಿಟ್ಟು ಉದುರಿಸಿದೆ, ಗುರುತು ಮೂಡಲಿಲ್ಲ. “ಅದಕ್ಕೆ ಪಾದ ಎಲ್ಲೈತಿ?” ಎಂದರು. ಅವರ ಮೂಲ ದೂರು ಮಹಡಿಯ ಮೇಲಿನ ಹೆಜ್ಜೆಯ ಸಪ್ಪಳವೆಂಬುದು ನನಗೆ ಹೊಳೆದದ್ದು ಬಸ್ಸಿನಲ್ಲಿ ಕುಳಿತ ಮೇಲೆ.

ಆಗ ಕ್ರಮ ಬದಲಿಸಿದೆ. ಉಪಕರಣ ಮುಟ್ಟುವ ಮೊದಲೇ, ದೆವ್ವ ಇದ್ದರೆ ಏನಾಗಬೇಕು, ಎಲ್ಲಿ, ಎಷ್ಟು ಸಲ, ಹಾಗೆ ಆಗದಿದ್ದರೆ ಇಲ್ಲವೆಂದು ಒಪ್ಪುವಿರಾ ಎಂದು ಕೇಳಿ, ಉತ್ತರವನ್ನು ಒಂದು ನೋಟ್‌ಬುಕ್ಕಿನಲ್ಲಿ ಯಜಮಾನರ ಕೈಯಲ್ಲೇ ಬರೆಸಿ ಸಹಿ ಹಾಕಿಸಿಕೊಂಡೆ. ಕೊನೆಗೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಹೇಳಿದರೆ ಮುಂದಿನ ಮನೆಯವರು ಉತ್ತರ ಸಿದ್ಧಮಾಡಿಕೊಂಡಿರುತ್ತಾರೆ. ಇದು ನನ್ನ ಆವಿಷ್ಕಾರವೇನಲ್ಲ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ ಎನ್ನಬಹುದು, ಸ್ವಭಾವತಃ ಕಾಣದ ಪಿಶಾಚ ಕಾಣಲಿಲ್ಲವೆಂದು ಪಿಶಾಚವಿಲ್ಲ ಎನ್ನಲಾಗದು ಎಂದು ಬೌದ್ಧ ತಾರ್ಕಿಕರು ಎಂದೋ ಹೇಳಿದ್ದಾರೆ.

ಗೆಳೆಯರು ಇದನ್ನು ಹೇಡಿತನವೆಂದರು. ಪತ್ತೆಯಾಗದಿದ್ದರೆ ಅದು ಇಲ್ಲವೆಂದೇ ಅರ್ಥ ಎಂಬುದು ಅವರ ವಾದ. ನಾನು ಕೇಳಿದೆ: ಭೌತವಿಜ್ಞಾನಿ ಪೌಲಿ 1930ರಲ್ಲಿ ಊಹಿಸಿದ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣ ಪ್ರಯೋಗದಲ್ಲಿ ಸಿಕ್ಕದ್ದು 1956ರಲ್ಲಿ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲೇ ದೊರೆಯಿತು. ಊಹೆಗೂ ಪತ್ತೆಗೂ ನಡುವಿನ ಆ ಇಪ್ಪತ್ತಾರು ವರ್ಷ ಅದು ಇರಲಿಲ್ಲವೇ? ಆದರೆ ಪರಮಾಣುವಿನ ಕೇಂದ್ರದಿಂದ ಎಲೆಕ್ಟ್ರಾನ್ ಹೊರಬೀಳುವ ಬೀಟಾ ಕ್ಷಯದಲ್ಲಿ ಲೆಕ್ಕಕ್ಕೆ ಸಿಗದ ಶಕ್ತಿಯನ್ನು ತಾನೇ ಒಯ್ಯುತ್ತಿದ್ದೇನೆಂದು ಅದು ಮೊದಲೇ ಸಹಿ ಹಾಕಿಕೊಟ್ಟಿತ್ತು ಎಂದು ನಾನೇ ಸೇರಿಸಿದಾಗ ಚಹಾ ಬಂತು, ಮಾತು ನಿಂತಿತು.

ನಡುವೆ ಚಿತ್ರದುರ್ಗದಲ್ಲಿ, ಮಂತ್ರಿಸಿದ ನಿಂಬೆಹಣ್ಣು ಯಾವ ಡಬ್ಬಿಯಲ್ಲಿದ್ದರೂ ತಿಳಿಯುತ್ತದೆ ಎಂದವರೊಬ್ಬರ ಮುಂದೆ ಹತ್ತು ಡಬ್ಬಿ ಇಟ್ಟು ಇಪ್ಪತ್ತು ಸಲ ಕೇಳಿದೆ. ಎರಡೋ ಮೂರೋ ಸರಿಯಾದವು, ಸುಮ್ಮನೆ ಊಹಿಸಿದರೂ ಬರುವಷ್ಟೇ. ದಕ್ಷಿಣೆ ಮಾತ್ರ ಪೂರ್ತಿ ಕೊಡಬೇಕಾಯಿತು.

ಇತ್ತ ನೋಟ್‌ಬುಕ್ಕಿನಲ್ಲಿ ‘ವಾರಕ್ಕೆರಡು ಸಲ, ರಾತ್ರಿ ಎರಡರ ಸುಮಾರಿಗೆ’ ಎಂದಿತ್ತು. ಬೀದಿಗೆ ನೀರು ಬಿಡುವ ರಾತ್ರಿಗಳೂ ಅವೇ. ಪಕ್ಕದವರು ಮೋಟಾರ್ ಹಾಕಿದಾಗ, ಎರಡು ಮನೆಗೂ ಸೇರಿದ ಗೋಡೆಯ ಮೇಲೆ ಕ್ಲಾಂಪು ಕಿತ್ತುಹೋದ ಪೈಪು ಟಕ್, ಟಕ್ ಎಂದು ಬಡಿಯುತ್ತಿತ್ತು. ನಾನು ಕಾವಲು ಕುಳಿತ ಹನ್ನೊಂದು ರಾತ್ರಿ ಆ ಪಕ್ಕದವರು ಊರಲ್ಲಿರಲಿಲ್ಲ. ಸದ್ದೇ ಇಲ್ಲವೆಂದು ಅಂದು ಬರೆದುಕೊಟ್ಟಿದ್ದರೆ ಮರ್ಯಾದೆ ಹೋಗುತ್ತಿತ್ತು. ಕ್ಲಾಂಪಿಗೆ ನೂರೆಂಬತ್ತು ರೂಪಾಯಿಯಾಯಿತು.

ಯಜಮಾನರು ತಾವು ಬರೆದ ಸಾಲುಗಳನ್ನು ಒಂದೊಂದಾಗಿ ಹೊಡೆದುಹಾಕಿ, ಕೊನೆಗೆ ‘ಸುಮ್ಮನೆ ಇರುತ್ತದೆ’ ಎಂಬೊಂದನ್ನು ಉಳಿಸಿಕೊಂಡರು. ಅದರ ಕೆಳಗೆ ನಾನು, ಇದೆಯೆಂದೂ ಇಲ್ಲವೆಂದೂ ಹೇಳಲಾರೆ ಎಂದು ಬರೆದು ಸಹಿ ಮಾಡಿದೆ. ಮನೆ ನೋಡಲು ಬಂದ ಬ್ಯಾಂಕಿನ ನೌಕರರೊಬ್ಬರು ಆ ಪುಟ ಓದಿ, ಸುಮ್ಮನಿರುವವರಿಂದ ತಮಗೆ ತೊಂದರೆಯಿಲ್ಲವೆಂದು ಹೇಳಿ, ಆದರೂ ಅದರ ಹೆಸರಿನಲ್ಲಿ ಬಾಡಿಗೆಯಲ್ಲಿ ಐನೂರು ರೂಪಾಯಿ ಇಳಿಸಿಕೊಂಡರು.