ಕ್ರೂಸರ್‌ಗಳ ಥ್ರಾಟಲ್ ಮೋಡ್: ಮೊದಲ ಕಾಲುಭಾಗದಲ್ಲೇ ಗೊತ್ತಾಗುವ ವ್ಯತ್ಯಾಸ

ಕ್ರೂಸರ್ (ಕಾಲು ಮುಂದಕ್ಕೆ ಚಾಚಿ ಆರಾಮಾಗಿ ಕೂತು ಓಡಿಸುವ ಬೈಕು) ನೋಡಲು ಹೋದವರು ಮೊದಲು ಕೇಳುವುದು ಸಿಸಿ ಎಷ್ಟು, ಟಾರ್ಕ್ (ಇಂಜಿನ್ ತಿರುಗಿಸುವ ಬಲ) ಎಷ್ಟು ಅಂತ. ಆಮೇಲೆ ಮೋಡ್, ಅಂದರೆ ಥ್ರಾಟಲ್ (ಆಕ್ಸಿಲರೇಟರ್) ತಿರುಗಿಸಿದಾಗ ಇಂಜಿನ್ ಹೇಗೆ ಸ್ಪಂದಿಸಬೇಕು ಅನ್ನುವ ಆಯ್ಕೆಗಳು, ಎಷ್ಟಿವೆ ಅಂತ. ಈ ಮೂರಕ್ಕೂ ಉತ್ತರ ಬ್ರೋಷರ್‌ನಲ್ಲೇ ಸಿಗುತ್ತದೆ. ಸಿಗದಿರುವುದು ಬೇರೆ: ಪೂರ್ತಿ ಮುಚ್ಚಿದ ಥ್ರಾಟಲನ್ನು ಒಂದಿಷ್ಟೇ ತೆರೆದಾಗ ಗಾಡಿ ಏನು ಮಾಡುತ್ತದೆ ಅನ್ನುವುದು. ಕ್ರೂಸರ್ ಓಡಿಸುವವರ ಕೈ ಹೆಚ್ಚುಹೊತ್ತು ಇರುವುದು ಆ ಮೊದಲ ಕಾಲುಭಾಗದಲ್ಲೇ. ಥ್ರಾಟಲ್ ಪೂರ್ತಿ ಎಳೆದು ಓಡಿಸುವ ಗಾಡಿಯಲ್ಲ ಇದು. ಹಾಗಾಗಿ ನಾನು ಬೈಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದೂ ಅಲ್ಲಿಯೇ, ಟಾಪ್ ಸ್ಪೀಡಿನ ಗೋಜಿಗೆ ಹೋಗಲಿಲ್ಲ.

ನನ್ನ ಕೈಗೆ ಸಿಕ್ಕಿದ್ದು ಹಾರ್ಲೆ-ಡೇವಿಡ್ಸನ್ ಸ್ಪೋರ್ಟ್‌ಸ್ಟರ್ ಎಸ್, ಬಿಎಂಡಬ್ಲ್ಯು ಆರ್ 18, ಹೋಂಡಾ ರೆಬೆಲ್ 1100, ಇಂಡಿಯನ್ ಚೀಫ್ ಡಾರ್ಕ್ ಹಾರ್ಸ್. ಇವುಗಳ ಜೊತೆಗೆ, ಮೋಡೇ ಇಲ್ಲದ, ಕೇಬಲ್ ಎಳೆಯುವ ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯಾರ್ 650. ಈ ಕೊನೆಯದು ಅಳತೆಗೋಲಿಗಾಗಿ. ಎಲೆಕ್ಟ್ರಾನಿಕ್ಸ್ ಏನು ಸೇರಿಸಿತು, ಏನು ಕಳೆಯಿತು ಅಂತ ಹೇಳಬೇಕಾದರೆ ಅದಿಲ್ಲದ ಗಾಡಿಯೊಂದು ಪಕ್ಕದಲ್ಲಿರಬೇಕು.

ಅಳೆಯುವುದಕ್ಕೆ ಬೇಕಾದ ಸಾಮಾನು ಬಿಳಿ ಇನ್ಸುಲೇಷನ್ ಟೇಪು, ಒಂದು ಮಾರ್ಕರ್ ಪೆನ್ನು. ಥ್ರಾಟಲ್ ಹಿಡಿಯ ಒಳತುದಿಗೆ, ಸ್ವಿಚ್ಚುಗಳ ಪೆಟ್ಟಿಗೆಗೆ ತಾಗುವ ಕಡೆ, ಒಂದು ತೆಳು ಪಟ್ಟಿ ಅಂಟಿಸಿ ಅದರ ಮೇಲೆ ಗೆರೆ ಎಳೆದೆ. ಎದುರಿಗೆ ಪೆಟ್ಟಿಗೆಯ ಮೇಲೆ ಮೂರು ಗೆರೆ: ಮುಚ್ಚಿದ ಜಾಗ, ಕಾಲು, ಅರ್ಧ. ಹಿಡಿ ಒಟ್ಟು ಎಷ್ಟು ತಿರುಗುತ್ತದೆ ಅನ್ನುವುದು ಒಂದೊಂದು ಬೈಕಿನಲ್ಲಿ ಒಂದೊಂದು ಥರ. ಅದಕ್ಕೆ ಇಂಜಿನ್ ಆಫ್ ಮಾಡಿ ಪೂರ್ತಿ ತಿರುಗಿಸಿ ನೋಡಿಯೇ ಕಾಲು ಎಲ್ಲಿ ಅಂತ ಗುರುತು ಹಾಕಬೇಕು. ಇಷ್ಟಾದ ಮೇಲೆ ಖಾಲಿ ಇರುವ ನೇರ ರಸ್ತೆಯಲ್ಲಿ ಎರಡನೇ ಗೇರು, ಒಂದೇ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಅನ್ನುವ ಲೆಕ್ಕ), ಥ್ರಾಟಲ್ ಮುಚ್ಚಿ ಒಂದು ಕ್ಷಣ ಬಿಟ್ಟು ಕಾಲು ಗೆರೆಗೆ ತಂದು ಹಾಗೇ ಹಿಡಿದುಕೊಳ್ಳುವುದು. ಮೋಡ್ ಬದಲಿಸಿ ಮತ್ತೆ ಅದನ್ನೇ. ಟೈರಿನ ಗಾಳಿ ಸರಿಯಿರಬೇಕು, ಇಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಇದನ್ನು ಬೇರೆ ಹೇಳಬೇಕಿಲ್ಲ.

ಇನ್ನೊಂದು ಪರೀಕ್ಷೆ ಮಜವಾಗಿತ್ತು. ಪರದೆಯ ಮೇಲೆ ಮೋಡ್ ಹೆಸರು ಕಾಣುವ ಜಾಗವನ್ನಷ್ಟೇ ಟೇಪಿನಿಂದ ಮುಚ್ಚಿ, ಗೆಳೆಯನ ಕೈಯಲ್ಲಿ ಮೋಡ್ ಹಾಕಿಸಿ, ಒಂದು ಸುತ್ತು ಹೋಗಿ ಬಂದು ಯಾವುದು ಅಂತ ಹೇಳುವುದು. ಸ್ಪೋರ್ಟ್ ಅಂತ ಓದಿದ ಕೂಡಲೇ ಕೈ ತಾನಾಗಿಯೇ ಜೋರಾಗಿ ತಿರುಗುತ್ತದೆ, ಗಾಡಿ ಚುರುಕಾಯಿತು ಅನ್ನಿಸುತ್ತದೆ. ಹೆಸರು ಮುಚ್ಚಿದರೆ ಆ ಭ್ರಮೆಗೆ ಜಾಗವಿಲ್ಲ.

ಫಲಿತಾಂಶಕ್ಕೆ ಹೋಗುವ ಮೊದಲು ಒಳಗೆ ಏನು ನಡೆಯುತ್ತದೆ ಅನ್ನುವುದನ್ನು ಹೇಳಿಬಿಡುತ್ತೇನೆ, ಅದಿಲ್ಲದೆ ಉಳಿದದ್ದು ಬರೀ ಅನಿಸಿಕೆಯಾಗುತ್ತದೆ. ಕೇಬಲ್ ಇದ್ದರೆ ಕೈ ತಿರುಗಿಸಿದಷ್ಟು ಇಂಜಿನ್‌ಗೆ ಗಾಳಿ ಬಿಡುವ ಬಟರ್‌ಫ್ಲೈ ಕವಾಟವೂ ತಿರುಗುತ್ತದೆ, ನಡುವೆ ಯಾರೂ ಇಲ್ಲ. ರೈಡ್-ಬೈ-ವೈರ್‌ನಲ್ಲಿ ಹಿಡಿಗೆ ಅಂಟಿಕೊಂಡಿರುವುದು ಒಂದು ಸೆನ್ಸರ್ ಮತ್ತು ಒಂದು ಸ್ಪ್ರಿಂಗ್. ಸೆನ್ಸರ್ ಹೇಳಿದ್ದನ್ನು, ಆರ್‌ಪಿಎಂ, ಗೇರು ಇತ್ಯಾದಿಗಳ ಜೊತೆ ಸೇರಿಸಿ, ಈಗ ಎಷ್ಟು ಟಾರ್ಕ್ ಬೇಕು ಅಂತ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಲೆಕ್ಕ ಹಾಕುತ್ತದೆ. ಆಮೇಲೆ ಪುಟ್ಟ ಮೋಟರೊಂದು ಕವಾಟ ತೆರೆಯುತ್ತದೆ. ಯಮಹಾ 2006ರ ಆರ್6 ಸ್ಪೋರ್ಟ್ಸ್ ಬೈಕಿನಲ್ಲಿ ಇದನ್ನು ತಂದಿತು. ಹಾರ್ಲೆಯ ಟೂರಿಂಗ್ ಗಾಡಿಗಳಿಗೆ 2008ರಲ್ಲಿ ಬಂತು. ಮೋಡ್ ಅನ್ನುವುದು ಈ ಲೆಕ್ಕದ ಮ್ಯಾಪ್, ಅಂದರೆ ಕೈ ಎಷ್ಟು ತಿರುಗಿದರೆ ಎಷ್ಟು ಟಾರ್ಕ್ ಅನ್ನುವ ಪಟ್ಟಿ. ಬಟನ್ ಒತ್ತಿದಾಗ ಇಂಜಿನ್ ಬದಲಾಗುವುದಿಲ್ಲ, ಕೈಗೂ ಕವಾಟಕ್ಕೂ ನಡುವಿನ ಒಪ್ಪಂದ ಬದಲಾಗುತ್ತದೆ.

ದೊಡ್ಡ ಇಂಜಿನ್‌ಗೆ ಈ ಒಪ್ಪಂದ ಯಾಕೆ ಮುಖ್ಯ? ಕವಾಟದ ಸ್ವಭಾವವೇ ಹಾಗೆ, ಹಳೇ ನಲ್ಲಿಯಂತೆ: ಮೊದಲ ಸ್ವಲ್ಪ ತಿರುವಿಗೇ ಹರಿವು ಜೋರಾಗಿ ಬಂದುಬಿಡುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಹೆಚ್ಚೇನೂ ಬದಲಾಗುವುದಿಲ್ಲ. 1800 ಸಿಸಿ ಇಂಜಿನ್ 2000 ಆರ್‌ಪಿಎಂನಲ್ಲಿ ಸುತ್ತುತ್ತಿರುವಾಗ ಅದಕ್ಕೆ ಬೇಕಾದಷ್ಟು ಗಾಳಿ ಕವಾಟ ಸ್ವಲ್ಪ ಬಿಚ್ಚಿಕೊಂಡರೂ ಒಳಗೆ ಹೋಗುತ್ತದೆ. ಅಂದರೆ ನೇರ ಕೇಬಲ್ ಕಟ್ಟಿದ್ದರೆ, ಆ ವೇಗದಲ್ಲಿ ಇರುವ ಟಾರ್ಕ್‌ನ ದೊಡ್ಡ ಪಾಲು ಕೈ ಮೂರನೇ ಒಂದು ಭಾಗ ತಿರುಗುವ ಹೊತ್ತಿಗೆ ಬಂದಾಗಿರುತ್ತಿತ್ತು. ಉಳಿದ ತಿರುವು ಸುಮ್ಮನೆ ವ್ಯಾಯಾಮ. ಒಳ್ಳೆಯ ಮ್ಯಾಪ್ ಅದೇ ಟಾರ್ಕನ್ನು ಹಿಡಿಯ ಉದ್ದಕ್ಕೂ ಹರಡುತ್ತದೆ. ಸ್ಪೋರ್ಟ್ ಥರದ ಮೋಡ್ ಅದನ್ನು ಮತ್ತೆ ಮುಂದಕ್ಕೆ ಗುಡ್ಡೆ ಹಾಕುತ್ತದೆ.

ಇದು ಕೈಗೆ ಸ್ಪಷ್ಟವಾಗಿ ತಿಳಿದದ್ದು ಆರ್ 18ನಲ್ಲಿ. 1802 ಸಿಸಿ ಬಾಕ್ಸರ್ (ಎರಡು ಸಿಲಿಂಡರ್ ಎಡಕ್ಕೊಂದು ಬಲಕ್ಕೊಂದು ಚಾಚಿದ ಇಂಜಿನ್), 3000 ಆರ್‌ಪಿಎಂಗೆ 158 ಎನ್ಎಂ (ನ್ಯೂಟನ್-ಮೀಟರ್, ಟಾರ್ಕಿನ ಅಳತೆ); 2000ದಿಂದ 4000ದವರೆಗೆ ಟಾರ್ಕ್ 150ರ ಮೇಲೆಯೇ ಇರುತ್ತದೆ. ಮೋಡ್‌ಗಳ ಹೆಸರು ರೈನ್, ರೋಲ್, ರಾಕ್. ಹೆಸರು ಕೇಳಿ ನಗು ಬಂದಿತ್ತು, ಓಡಿಸಿದ ಮೇಲೆ ಬರಲಿಲ್ಲ. ರಾಕ್‌ಗೆ ಹಾಕಿದರೆ ನಿಂತಲ್ಲೇ ಗೊತ್ತಾಗುತ್ತದೆ: ಐಡಲಿಂಗ್ ಒರಟಾಗುತ್ತದೆ, ಹ್ಯಾಂಡಲ್ ಅಲುಗುತ್ತದೆ, ಕನ್ನಡಿಯಲ್ಲಿ ಹಿಂದಿನ ರಸ್ತೆ ನಡುಗುತ್ತದೆ. ಇದನ್ನು ಬೇಕಂತಲೇ ಹಾಗೆ ಮಾಡಿದ್ದಾರೆ. ಟೇಪಿನ ಕಾಲು ಗೆರೆಗೆ ಥ್ರಾಟಲ್ ತಂದಾಗ ರಾಕ್‌ನಲ್ಲಿ ಗಾಡಿ ಒಮ್ಮೆಲೇ ಮುಂದಕ್ಕೆ ನೂಕುತ್ತದೆ, ಸೊಂಟ ಸೀಟಿನ ಹಿಂಬದಿಗೆ ಒತ್ತುತ್ತದೆ. ರೋಲ್‌ನಲ್ಲಿ ಅದೇ ಗೆರೆಗೆ ಅದೇ ದಿಕ್ಕಿನ ತಳ್ಳು, ಆದರೆ ಅದು ಬೆಳೆಯುತ್ತಾ ಬರುತ್ತದೆ. ರೈನ್‌ನಲ್ಲಿ ಇನ್ನೂ ನಿಧಾನ. ಹೆಸರು ಮುಚ್ಚಿದ ಪರೀಕ್ಷೆಯಲ್ಲಿ ಈ ಮೂರನ್ನೂ ಬೇರೆ ಮಾಡುವುದು ಸುಲಭವಾಗಿತ್ತು. ರಾಕ್ ಅನ್ನು ಪತ್ತೆ ಮಾಡಲು ಹೊರಡಬೇಕಾಗಿಯೂ ಇರಲಿಲ್ಲ.

345 ಕೆಜಿ ತೂಗುವ ಈ ಗಾಡಿಯನ್ನು ಇಕ್ಕಟ್ಟಿನಲ್ಲಿ ಯು-ಟರ್ನ್ ಮಾಡುವಾಗ ನನಗೆ ಹಿಡಿಸಿದ್ದು ರೈನ್. ಒಣ ನೆಲ, ಸುಡು ಬಿಸಿಲು, ಮೋಡ್ ಮಾತ್ರ ಮಳೆಯದು. ಮೊದಲ ಗೇರಿನಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿ, ಹಿಂದಿನ ಬ್ರೇಕನ್ನು ಲಘುವಾಗಿ ಒತ್ತಿಕೊಂಡು, ಥ್ರಾಟಲನ್ನು ಕೂದಲೆಳೆಯಷ್ಟು ತೆರೆದು ಇಟ್ಟುಕೊಳ್ಳಬೇಕು. ಆ ಸ್ಥಿತಿಯಲ್ಲಿ ಬಲಗೈ ಮೊಣಕೈಯಿಂದಲೇ ಮಡಚಿಕೊಂಡಿರುತ್ತದೆ, ಮಣಿಕಟ್ಟಿಗೆ ಸೂಕ್ಷ್ಮ ಕೆಲಸ ಆಗುವುದಿಲ್ಲ. ಕೈ ಸ್ವಲ್ಪ ತಪ್ಪಿದರೂ ಇಂಜಿನ್ ಅದನ್ನು ದೊಡ್ಡದು ಮಾಡಬಾರದು. ಮೋಡ್‌ಗಳ ಬಗ್ಗೆ ಮಾತಾಡುವವರು ಹೈವೇ ಕಥೆಯನ್ನೇ ಹೇಳುತ್ತಾರೆ. ಪಾರ್ಕಿಂಗ್ ಜಾಗದ ಕಥೆ ಹೇಳುವವರು ಕಮ್ಮಿ.

ಸ್ಪೋರ್ಟ್‌ಸ್ಟರ್ ಎಸ್ ಬೇರೆಯೇ ಜಾತಿ. ಹೆಸರು ಹಳೆಯದು, ಒಳಗಿರುವುದು 1252 ಸಿಸಿಯ ರೆವಲ್ಯೂಷನ್ ಮ್ಯಾಕ್ಸ್: ನೀರಿನಿಂದ ತಂಪಾಗುವ 60 ಡಿಗ್ರಿ ವಿ-ಟ್ವಿನ್ (ಎರಡು ಸಿಲಿಂಡರ್ ವಿ ಆಕಾರದಲ್ಲಿರುವ ಇಂಜಿನ್), ವಾಲ್ವ್ ಟೈಮಿಂಗ್ ಬದಲಾಗುತ್ತದೆ, 121 ಎಚ್‌ಪಿ. ತೂಕ 228 ಕೆಜಿ. ಆರ್ 18ಗಿಂತ ನೂರು ಕೆಜಿಗೂ ಹಗುರ, ಶಕ್ತಿ ಹೆಚ್ಚು. ಹಾಗಾಗಿ ಇಲ್ಲಿ ಮೋಡ್ ಬದಲಿಸಿದರೆ ಬರೀ ಸ್ವಭಾವ ಬದಲಾಗುವುದಲ್ಲ, ಗಾಡಿಯೇ ಬದಲಾದ ಹಾಗೆ. ರೋಡ್ ಅನ್ನುವ ಮೋಡ್‌ನಲ್ಲಿ ಥ್ರಾಟಲ್ ಮೃದು ಮಾತ್ರವಲ್ಲ, ನಡುವಿನ ಆರ್‌ಪಿಎಂಗಳಲ್ಲಿ ಶಕ್ತಿಯನ್ನೂ ಸ್ಪೋರ್ಟ್‌ಗಿಂತ ಕಡಿಮೆ ಇಟ್ಟಿದ್ದಾರೆ, ಚಕ್ರ ಲಾಕ್ ಆಗದಂತೆ, ಜಾರದಂತೆ ನೋಡಿಕೊಳ್ಳುವ ಎಬಿಎಸ್ ಮತ್ತು ಟ್ರ್ಯಾಕ್ಷನ್ ಕಂಟ್ರೋಲ್ ಹೆಚ್ಚು ಬೇಗ ಕೈ ಹಾಕುತ್ತವೆ. ಸ್ಪೋರ್ಟ್‌ಗೆ ಹಾಕಿ ಕಾಲು ಗೆರೆಗೆ ತಂದರೆ ಆರ್‌ಪಿಎಂ ಏರುತ್ತಾ ಹೋದಂತೆ ತಳ್ಳೂ ಏರುತ್ತದೆ, ಕ್ರೂಸರ್ ಮೇಲೆ ಕೂತಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ. ಮೈಗೆ ಖುಷಿ, ನಿಜ. ಆದರೆ ಕಾಲು ಮುಂದಕ್ಕೆ ಚಾಚಿ ಕೂತಾಗ ಟ್ಯಾಂಕನ್ನು ಮೊಣಕಾಲಿನಿಂದ ಹಿಡಿದುಕೊಳ್ಳುವಂತಿಲ್ಲ, ಒದೆತ ಬಂದರೆ ದೇಹ ತಡೆದುಕೊಳ್ಳುವುದು ಕೈಯಿಂದಲೇ. ಕೈ ಬಿಗಿಯಾದರೆ ಥ್ರಾಟಲ್ ಇನ್ನೂ ತೆರೆದುಕೊಳ್ಳುತ್ತದೆ. ಚೂಪು ಥ್ರಾಟಲ್ ಸ್ಪೋರ್ಟ್ಸ್ ಬೈಕಿಗೆ ಒಗ್ಗಿದಷ್ಟು ಕ್ರೂಸರ್‌ಗೆ ಒಗ್ಗದಿರುವುದಕ್ಕೆ ಕೂರುವ ಭಂಗಿಯೇ ಕಾರಣ ಅಂತ ನನ್ನ ಅಭಿಪ್ರಾಯ.

ಚೀಫ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1890 ಸಿಸಿಯ ಥಂಡರ್ ಸ್ಟ್ರೋಕ್ 116, ಗಾಳಿಯಲ್ಲೇ ತಂಪಾಗುವ ಹಳೇ ಶೈಲಿಯ ವಿ-ಟ್ವಿನ್. ಮೋಡ್‌ಗಳು ಟೂರ್, ಸ್ಟ್ಯಾಂಡರ್ಡ್, ಸ್ಪೋರ್ಟ್. ಹೆಸರು ಮುಚ್ಚಿದಾಗ ಟೂರ್ ಯಾವುದು, ಸ್ಟ್ಯಾಂಡರ್ಡ್ ಯಾವುದು ಅಂತ ಹೇಳಲು ನಾನು ತಡವರಿಸಿದೆ. ಸ್ಪೋರ್ಟ್ ಮಾತ್ರ ಮೊದಲ ಗೇರಿನಲ್ಲೇ ಸಿಕ್ಕಿಬಿತ್ತು. ಇಂಥ ಇಂಜಿನ್‌ನಲ್ಲಿ ತಳ್ಳು ಎಲ್ಲಾ ಕಡೆ ಇರುವುದರಿಂದ ಮ್ಯಾಪ್ ಸ್ವಲ್ಪ ಬದಲಾದರೆ ಗೊತ್ತಾಗುವುದೇ ಕಷ್ಟ.

ಇನ್ನು ರೆಬೆಲ್ 1100. 1084 ಸಿಸಿ, 270 ಡಿಗ್ರಿ ಕ್ರ್ಯಾಂಕಿನ ಪ್ಯಾರಲಲ್ ಟ್ವಿನ್ (ಎರಡು ಸಿಲಿಂಡರ್ ಪಕ್ಕಪಕ್ಕ), ಹೋಂಡಾದ್ದೇ ಆಫ್ರಿಕಾ ಟ್ವಿನ್ ಬೈಕಿನಿಂದ ಬಂದದ್ದು. ಸ್ಟ್ಯಾಂಡರ್ಡ್, ಸ್ಪೋರ್ಟ್, ರೈನ್ ಜೊತೆಗೆ ಯೂಸರ್ ಅಂತ ಒಂದಿದೆ. ನನಗೆ ಇದರಲ್ಲಿ ಬೆಲೆ ಕಂಡದ್ದು ಆ ಯೂಸರ್‌ನಲ್ಲೇ, ಯಾಕೆಂದರೆ ಅಲ್ಲಿ ಪವರ್ ಬೇರೆ, ಇಂಜಿನ್ ಬ್ರೇಕಿಂಗ್ (ಥ್ರಾಟಲ್ ಮುಚ್ಚಿದಾಗ ಇಂಜಿನ್ನೇ ಗಾಡಿಯನ್ನು ಹಿಡಿದು ನಿಧಾನಿಸುವುದು) ಬೇರೆ ಹೊಂದಿಸಬಹುದು. ಥ್ರಾಟಲ್ ತೆರೆಯುವುದನ್ನೇ ಎಲ್ಲರೂ ಹೇಳುತ್ತಾರೆ. ಮುಚ್ಚಿದಾಗ ಏನಾಗುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ದೊಡ್ಡ ಟ್ವಿನ್‌ನಲ್ಲಿ ಕೈ ಫಕ್ಕನೆ ಬಿಟ್ಟರೆ ಗಾಡಿ ಮೂಗು ತಗ್ಗಿಸುತ್ತದೆ, ಹಿಂದೆ ಕೂತವರ ಹೆಲ್ಮೆಟ್ ಬಂದು ನಮ್ಮ ಹೆಲ್ಮೆಟ್‌ಗೆ ಟಪ್ ಅಂತ ಬಡಿಯುತ್ತದೆ. ಸೆನ್ಸರ್ ಇಲ್ಲದ ಮೀಟರು ಅದು. ಹಿಂದಿನ ಸೀಟಿರುವ ಗಾಡಿಗಳಲ್ಲಿ ನಾನು ಇದನ್ನೇ ಪರೀಕ್ಷೆಯಾಗಿ ಇಟ್ಟುಕೊಂಡೆ: ಹೆಲ್ಮೆಟ್ ತಾಗದ ಹಾಗೆ ಹೋಗಲು ನನಗೆ ಎಷ್ಟು ಎಚ್ಚರ ಬೇಕಾಯಿತು ಅಂತ. ರೆಬೆಲ್‌ನಲ್ಲಿ ಇಂಜಿನ್ ಬ್ರೇಕಿಂಗ್ ತಗ್ಗಿಸಿದ ಮೇಲೆ ಆ ಎಚ್ಚರ ಅರ್ಧಕ್ಕೆ ಇಳಿಯಿತು. ಆರ್ 18ನಲ್ಲಿ ಇದಕ್ಕೆ ಇನ್ನೊಂದು ದಾರಿ ಇದೆ: ಥ್ರಾಟಲ್ ಬಿಟ್ಟಾಗಲೋ ಗೇರು ಇಳಿಸಿದಾಗಲೋ ಹಿಂಚಕ್ರ ಜಾರುವಷ್ಟು ಎಳೆತ ಬಂದರೆ ಅದನ್ನು ಸಡಿಲಿಸುವ ವ್ಯವಸ್ಥೆ.

ಸೂಪರ್ ಮೀಟಿಯಾರ್ ಈ ಸಾಲಿನಲ್ಲಿ ಮಂಕಾಗಿ ಕಾಣಬಹುದು ಅಂದುಕೊಂಡಿದ್ದವರಿಗೆ ಒಂದು ಮಾತು: ಮೊದಲ ಕಾಲುಭಾಗದ ನಯದಲ್ಲಿ ಅದು ಯಾರಿಗೂ ಸೋಲಲಿಲ್ಲ. 648 ಸಿಸಿ, 47 ಪಿಎಸ್ ಶಕ್ತಿ, 52.3 ಎನ್ಎಂ ಟಾರ್ಕ್. ತಳ್ಳುವುದಕ್ಕೆ ಇರುವುದೇ ಇಷ್ಟಾದ್ದರಿಂದ ಅದನ್ನು ಹದ್ದುಬಸ್ತಿನಲ್ಲಿಡಲು ಮ್ಯಾಪ್ ಬೇಕಿಲ್ಲ. ಕೇಬಲ್‌ನ ಸಡಿಲು ಒಂದೆರಡು ಮಿಲಿಮೀಟರ್ ಮಾತ್ರ ಇರುವಂತೆ ನೋಡಿಕೊಂಡರೆ ಸಾಕು. ಮೋಡ್ ಅನ್ನುವುದು ಸೌಲಭ್ಯಕ್ಕಿಂತ ಹೆಚ್ಚಾಗಿ ದೊಡ್ಡ ಇಂಜಿನ್ ಹುಟ್ಟಿಸಿದ ಅಗತ್ಯ ಅಂತ ನನಗೆ ಅನ್ನಿಸತೊಡಗಿದ್ದು ಇಲ್ಲಿಂದಲೇ.

ಸಡಿಲದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮುಚ್ಚಿದ ಥ್ರಾಟಲ್ ತೆರೆದಾಗ ಬರುವ ಜರ್ಕನ್ನು ಎಲ್ಲರೂ ಮೋಡ್ ತಲೆಗೆ ಕಟ್ಟುತ್ತಾರೆ. ಅದರಲ್ಲಿ ಕನಿಷ್ಠ ಎರಡು ಪಾಲಿದೆ. ಗೇರಿನಲ್ಲಿದ್ದು ಥ್ರಾಟಲ್ ಪೂರ್ತಿ ಮುಚ್ಚಿದಾಗ ಇಂಜೆಕ್ಷನ್ ಪೆಟ್ರೋಲ್ ನಿಲ್ಲಿಸುತ್ತದೆ, ತೆರೆದಾಗ ಮತ್ತೆ ಶುರು ಮಾಡುತ್ತದೆ. ಆ ಶುರುವಿನ ಕ್ಷಣ ಒಂದು ಒದೆತ. ಇನ್ನೊಂದು, ಗೇರ್‌ಬಾಕ್ಸಿನಿಂದ ಹಿಂಚಕ್ರದವರೆಗಿನ ಸಡಿಲು ಒಮ್ಮೆ ಬಿಗಿಯಾಗುವಾಗಿನ ತಟ್ಟು. ಸ್ಪೋರ್ಟ್‌ಸ್ಟರ್ ಎಸ್ ಮತ್ತು ಚೀಫ್‌ನಲ್ಲಿ ಬೆಲ್ಟ್, ರೆಬೆಲ್‌ನಲ್ಲಿ ಚೈನು, ಆರ್ 18ನಲ್ಲಿ ಶಾಫ್ಟ್. ಒಂದೊಂದರ ತಟ್ಟು ಒಂದೊಂದು ಬಗೆ. ಬೇರೊಂದು ಬೈಕಿನಲ್ಲಿ ಸ್ಪೋರ್ಟ್ ಮೋಡ್ ಒರಟು ಅಂತ ದೂರಿದವರ ಚೈನನ್ನು ಬೆರಳಲ್ಲಿ ಎತ್ತಿ ನೋಡಿದೆ, ಜೋತುಬಿದ್ದಿತ್ತು. ಬಿಗಿ ಮಾಡಿದ ಮೇಲೆ ಅದೇ ಮೋಡ್ ಸಭ್ಯವಾಯಿತು. ಥ್ರಾಟಲ್ ಚುರುಕು ಮಾಡುತ್ತೇವೆ ಅಂತ ಮಾರುವ ಬೂಸ್ಟರ್ ಪೆಟ್ಟಿಗೆಗಳೂ ಹಿಡಿಯ ಸಂಕೇತವನ್ನು ಹಿಗ್ಗಿಸುತ್ತವೆ ಅಷ್ಟೇ, ಇಂಜಿನ್‌ಗೆ ಒಂದು ಎಚ್‌ಪಿಯೂ ಸೇರುವುದಿಲ್ಲ. ಈಗಾಗಲೇ ತುಂಬಿಕೊಂಡಿರುವ ಮೊದಲ ಕಾಲುಭಾಗವನ್ನು ಇನ್ನಷ್ಟು ತುಂಬುವುದಕ್ಕೆ ನಾನಂತೂ ದುಡ್ಡು ಕೊಡುವುದಿಲ್ಲ.

ಈಗ ಸ್ಪೋರ್ಟ್‌ಸ್ಟರ್ ಎಸ್ ಕೈಗೆ ಬಂದರೆ ಅದರ ಎರಡು ಕಸ್ಟಮ್ ಜಾಗಗಳಲ್ಲಿ ಒಂದರಲ್ಲಿ ಪವರ್ ಪೂರ್ತಿ, ಥ್ರಾಟಲ್ ಪ್ರತಿಕ್ರಿಯೆ ಮೃದು, ಇಂಜಿನ್ ಬ್ರೇಕಿಂಗ್ ಕಡಿಮೆ ಅಂತ ಇಟ್ಟುಕೊಳ್ಳುತ್ತೇನೆ. ಓವರ್‌ಟೇಕ್ ಮಾಡುವಾಗ ಇಡೀ ಇಂಜಿನ್ ಸಿಗುತ್ತದೆ, ಸಿಗ್ನಲ್‌ನಲ್ಲಿ ಕೈ ನಡುಗಿದರೂ ಗಾಡಿ ನೆಗೆಯುವುದಿಲ್ಲ. ಆರ್ 18ನಲ್ಲಿ ರೋಲ್, ಇಕ್ಕಟ್ಟು ಬಂದರೆ ರೈನ್. ಚೀಫ್‌ನಲ್ಲಿ ಸ್ಟ್ಯಾಂಡರ್ಡ್ ಬಿಟ್ಟು ಕದಲುವುದಿಲ್ಲ. ಓಡುತ್ತಿರುವಾಗ ಮೋಡ್ ಬದಲಿಸಬೇಕಾದರೆ ಹಲವು ಗಾಡಿಗಳು ಥ್ರಾಟಲ್ ಮುಚ್ಚಿದ ಮೇಲೆಯೇ ಒಪ್ಪಿಕೊಳ್ಳುತ್ತವೆ; ಅದಕ್ಕೇ ತಿರುವಿನ ನಡುವೆ ಆ ಬಟನ್ ಮುಟ್ಟದೆ, ನೇರ ರಸ್ತೆ ಸಿಕ್ಕ ಮೇಲೆ ಥ್ರಾಟಲ್ ಮುಚ್ಚಿ ಬದಲಿಸುತ್ತೇನೆ.